ಅಡಿಗೆಮನೆ ಎಲ್ಲಿ ಎಂದು ಕೇಳಿದ ಟೈಲರ್ ಆಂಟಿ

ಬಾಯಿಯ ಎಡಮೂಲೆಯಲ್ಲಿ ಎರಡು ಗುಂಡುಪಿನ್ನು ಕಚ್ಚಿಕೊಂಡೇ ಅವರು ಮಾತಾಡುತ್ತಿದ್ದರು. ಪಿನ್ನು ಅಲುಗುತ್ತಿರಲಿಲ್ಲ, ಮಾತೂ ತೊದಲುತ್ತಿರಲಿಲ್ಲ. ಕೊರಳಲ್ಲಿ ಹಳದಿ ಅಳತೆ ಟೇಪು, ಕೈಯಲ್ಲಿ ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣ, ಕಣ್ಣು ಮಾತ್ರ ಗೋಡೆಯ ಮೇಲಿನ ಟಿವಿಯಲ್ಲಿ. ಗಿರಾಕಿಯ ತೋಳಿನ ಅಳತೆ ತೆಗೆಯುತ್ತಲೇ, "ಈಗ ನೋಡಿ, ಅವ್ಳು ಬಾಗ್ಲು ಹಿಂದೆ ನಿಂತವ್ಳೆ. ಎಲ್ಲಾ ಕೇಳಿಸ್ಕೊತಾವ್ಳೆ," ಎನ್ನುತ್ತಿದ್ದರು. ಹಾಗೆ ತೆಗೆದ ಅಳತೆ ಒಮ್ಮೆಯೂ ತಪ್ಪಿದ್ದನ್ನು ನಾನು ಕಾಣಲಿಲ್ಲ.

ತುಮಕೂರಿನ ಸದಾಶಿವನಗರದಲ್ಲಿ ಅವರ ಮನೆ. ಕೆಳಗೆ ಮುಂದಿನ ಕೋಣೆಯೇ ಹೊಲಿಗೆ ಅಂಗಡಿ, ಮಹಡಿಯಲ್ಲಿ ಒಂಟಿ ಕೋಣೆ. ಗುಬ್ಬಿ ಹತ್ತಿರದ ನಮ್ಮೂರಿನಿಂದ ಬಿಎ ಓದಲು ಬಂದ ನಾನು ಮೂರು ವರ್ಷ ಆ ಕೋಣೆಯಲ್ಲಿ ಬಾಡಿಗೆಗಿದ್ದೆ. ಇಡೀ ಬೀದಿಗೆ ಅವರು ಟೈಲರ್ ಆಂಟಿ. ನನಗೂ ಅಷ್ಟೇ.

ಅವರು ಸೀರಿಯಲ್ ನೋಡುತ್ತಿದ್ದರು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ನಗುವವರು ಈಗಲೇ ನಕ್ಕು ಮುಗಿಸಲಿ. ದಿನವೂ ಸಂಜೆ ಏಳೂವರೆಗೆ ಬರುತ್ತಿದ್ದ ಒಂದು ಧಾರಾವಾಹಿ ಅವರಿಗೆ ಪ್ರಾಣ. ಅದರ ಹೆಸರು ಹೇಳುತ್ತಲೇ ಇರಲಿಲ್ಲ, ಬರೀ "ಏಳೂವರೆ" ಅನ್ನುತ್ತಿದ್ದರು. ದೊಡ್ಡ ಮನೆಗೆ ಎರಡನೇ ಸೊಸೆಯಾಗಿ ಬಂದ ಬಡವರ ಹುಡುಗಿಯನ್ನು ಅತ್ತೆ ಹಿಂದುಗಡೆಯ ಅಡಿಗೆಮನೆಗೆ ತಳ್ಳುತ್ತಾಳೆ. ಹುಡುಗಿ ಅಲ್ಲೇ ಕಿಟಕಿ ಪಕ್ಕ ಹೊಲಿಗೆ ಮಿಷನ್ ಇಟ್ಟುಕೊಂಡು, ಊರವರ ಬಟ್ಟೆ ಹೊಲಿದು, ನಿಧಾನಕ್ಕೆ ತಲೆ ಎತ್ತುತ್ತಾಳೆ. ಕಥೆ ಇಷ್ಟೇ.

ಅವರ ಯಜಮಾನರು ಊರಂಚಿನ ಸತ್ಯಮಂಗಲದ ಒಂದು ಸಣ್ಣ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು. ಮಾತು ಕಡಿಮೆ. ಸಂಜೆ ಬಂದವರು ಒಳಮನೆಯ ಟಿವಿಯಲ್ಲಿ ನ್ಯೂಸ್ ಹಾಕಿಕೊಂಡು ಕೂರುತ್ತಿದ್ದರು. ಅದಕ್ಕೇ ಆಂಟಿ ಅಂಗಡಿಗೆ ಬೇರೆ ಟಿವಿ ತಂದಿದ್ದು. ಒಂದು ದಿನ ಯಜಮಾನರು ಕಾಫಿ ಲೋಟ ಹಿಡಿದು ಬಾಗಿಲಿಗೆ ಬಂದು, "ಅಳೋದು ನೋಡೋಕೆ ಒಂದು ಟಿವಿ ಬೇಕಾಗಿತ್ತಾ ನಿಂಗೆ?" ಅಂದರು.

"ನಿಮ್ ನ್ಯೂಸಲ್ಲಿ ಆರು ಜನ ಒಟ್ಟಿಗೆ ಕಿರುಚ್ತಾರೆ, ಒಬ್ರು ಮಾತೂ ಇನ್ನೊಬ್ರಿಗೆ ಕೇಳ್ಸಲ್ಲ," ಅಂದರು ಆಂಟಿ, ಪಿನ್ನು ತೆಗೆಯದೆ. "ಇಲ್ಲಿ ಒಬ್ರು ಅತ್ರೆ ಇನ್ನೊಬ್ರು ಕೇಳಿಸ್ಕೊತಾರೆ. ನಂಗೆ ಇದೇ ವಾಸಿ."

ಯಜಮಾನರು ಲೋಟ ಹಿಡಿದುಕೊಂಡು ಒಳಗೆ ಹೋದರು.

ಪಕ್ಕದ ರಸ್ತೆಯ ನಿವೃತ್ತ ಲೆಕ್ಚರರ್ ಮೇಡಂ ಒಬ್ಬರು ಅಲ್ಲಿಗೇ ರವಿಕೆ ಹೊಲಿಸುತ್ತಿದ್ದರು. ಅವರು ಮೊಬೈಲಿನಲ್ಲಿ ಪರದೇಶದ ಪತ್ತೇದಾರಿ ಸರಣಿಗಳನ್ನು ನೋಡುವವರು. "ಏನ್ರೀ ಇದು, ಅದೇ ಅಳು, ಅದೇ ಒಡವೆ. ನಿಮ್ಮಂಥ ಬುದ್ಧಿವಂತರಿಗೆ ಬೇಜಾರಾಗಲ್ವಾ?" ಎಂದು ಒಮ್ಮೆ ಕೇಳಿದರು. ನಾನೂ ಅಲ್ಲೇ ಇದ್ದೆ, ಮನಸ್ಸಿನಲ್ಲಿ ಮೇಡಂ ಪಕ್ಷವೇ.

"ಮೇಡಂ, ನೀವು ಕಥೆ ನೋಡ್ತೀರ. ನಾನು ತೋಳು ನೋಡ್ತೀನಿ," ಅಂದರು ಆಂಟಿ. "ಆ ಹುಡ್ಗಿ ಮೂರು ತಿಂಗ್ಳಿಂದ ಅದೇ ಹಸ್ರು ರವಿಕೆ ಹಾಕ್ಕೊಂಡವ್ಳೆ. ಹೋದ್ ವಾರ ತೋಳ್ ಹತ್ರ ಹೊಲಿಗೆ ಬಿಟ್ಟಿತ್ತು. ಈ ವಾರ ಕೈಹೊಲಿಗೆ ಹಾಕವ್ರೆ, ದಾರ ಒಂಚೂರು ಬೇರೆ ಬಣ್ಣ. ಅದನ್ನ ದೊಡ್ದಾಗಿ ತೋರ್ಸ್ಲೂ ಇಲ್ಲ. ಅವ್ಳ ಹತ್ರ ಬೇರೆ ರವಿಕೆ ಇಲ್ಲ, ಮ್ಯಾಚಿಂಗ್ ದಾರಾನೂ ಇಲ್ಲ ಅಂತ ಯಾರೋ ಯೋಚ್ನೆ ಮಾಡಿ ಹೊಲ್ದಿರ್ತಾರೆ. ಅವ್ರ ಹೆಸ್ರು ಬರೋದೂ ಇಲ್ಲ. ಅದನ್ನ ಯಾರಾದ್ರೂ ಒಬ್ರು ನೋಡ್ಬೇಕಲ್ವಾ?"

ಮೇಡಂ ಅಂದು ಏಳೂವರೆ ಮುಗಿಯುವವರೆಗೂ ಕೂತರು. ಎದ್ದು ಹೋಗುವಾಗ, "ದಾರ ಬೇರೆ ಬಣ್ಣದ್ದೇ," ಎಂದರು.

ನಾನು ಆಗ ಭಾನುವಾರಗಳಂದು ನಿರೂಪಕಿಯ ಕೆಲಸ ಮಾಡುತ್ತಿದ್ದೆ. ಕುಣಿಗಲ್ ದಾರಿಯಲ್ಲಿ ಹೊಸದಾಗಿ ಒಂದು ಮನರಂಜನಾ ಪಾರ್ಕ್ ಶುರುವಾಗಿತ್ತು. ನೀರಾಟ, ಜಾರುಬಂಡೆ, ತಿರುಗುವ ತೊಟ್ಟಿಲು ಎಲ್ಲ ಇದ್ದವು. ಜನ ಸೆಳೆಯಲು ಅದರವರು ಸೀರಿಯಲ್ಲುಗಳದ್ದೇ ಒಂದು ಭಾಗ ಕಟ್ಟಿದರು. ದೆವ್ವದ ಸೀರಿಯಲ್ಲಿನ ಕತ್ತಲ ಬಂಗಲೆ ಒಂದು ಕಡೆ, ಏಳೂವರೆಯ ದೊಡ್ಡ ಮನೆ ಇನ್ನೊಂದು ಕಡೆ. ಆ ಮನೆ ತೆರೆಯುವ ದಿನ ವೇದಿಕೆಯ ಮೇಲೆ ಅಭಿಮಾನಿಗಳ ಚರ್ಚೆ ಇಟ್ಟಿದ್ದರು: ಯಾರ ಸೀರಿಯಲ್ ಹೆಚ್ಚು? ಗೆದ್ದವರಿಗೆ ಕುಕ್ಕರು. ಮ್ಯಾನೇಜರು ನನ್ನನ್ನು ಪಕ್ಕಕ್ಕೆ ಕರೆದು, "ಆಂಟಿಯರನ್ನ ಸ್ವಲ್ಪ ಕಿಚಾಯ್ಸಮ್ಮ. ಜನ ನಗ್ಬೇಕು," ಎಂದಿದ್ದರು.

ಟೈಲರ್ ಆಂಟಿ ಹತ್ತು ಹನ್ನೆರಡು ಗಿರಾಕಿಗಳನ್ನು ಟೆಂಪೊ ಟ್ರಾವೆಲರಿನಲ್ಲಿ ತುಂಬಿಕೊಂಡು ಬಂದರು. ಮೊದಲು ಮನೆಯೊಳಗೆ ಹೋದರು. ಅಗಲವಾದ ಹಾಲು, ಬಣ್ಣದ ಗಾಜಿನ ದೀಪ, ಬಾಗಿದ ಮೆಟ್ಟಿಲು, ಅತ್ತೆ ಕೂತು ಆಜ್ಞೆ ಕೊಡುವ ಹಿತ್ತಾಳೆ ಸರಪಳಿಯ ಉಯ್ಯಾಲೆ. ಉಯ್ಯಾಲೆಯ ಮೇಲೆ ಕೂತು ಫೋಟೊ ತೆಗೆಸಿಕೊಳ್ಳಲು ಸಾಲು ನಿಂತಿತ್ತು. ಆಂಟಿ ಸಾಲಿಗೆ ನಿಲ್ಲಲಿಲ್ಲ. ಹಾಲಿನ ಹಿಂದಿನ ಗೋಡೆಯವರೆಗೆ ನಡೆದು, ಅದನ್ನು ಕೈಯಿಂದ ತಟ್ಟಿ ನೋಡಿ, ಹೊರಗೆ ಬಂದರಂತೆ. ಇದು ನನಗೆ ಆಮೇಲೆ ತಿಳಿದದ್ದು.

ವೇದಿಕೆಗೆ ಬಂದಾಗ ನಾನು ಗುರುತೇ ಇಲ್ಲದವಳ ಹಾಗೆ ಮೈಕು ಹಿಡಿದು, "ಆಂಟಿ, ಸೀರಿಯಲ್ ನೋಡ್ತಾ ನೋಡ್ತಾ ಎಷ್ಟು ಸಲ ಅನ್ನ ಸೀಯ್ಸಿದೀರ?" ಎಂದೆ. ಜನ ಹೋ ಎಂದು ನಕ್ಕರು. ಅವರು ನನ್ನಿಂದ ಮೈಕು ತೆಗೆದುಕೊಂಡು, ನಗು ಮುಗಿಯುವವರೆಗೆ ಕಾದರು.

"ಒಂದ್ ಸಲಾನೂ ಇಲ್ಲ," ಅಂದರು. "ಸೀದ್ರೆ ಬೈಯೋರು ಮನೇಲಿ ಇರೋವಾಗ ಯಾರೂ ಸೀಯ್ಸಲ್ಲ. ಆ ಹುಡ್ಗೀನೂ ಸೀಯ್ಸಿಲ್ಲ. ಅದ್ಕೇ ಕೇಳ್ತಾ ಇದೀನಿ. ಈ ಮನೇಲಿ ಅಡಿಗೆಮನೆ ಎಲ್ಲಿ?"

ಅವರು ಆ ದೊಡ್ಡ ಮನೆಯ ಕಡೆ ಕೈ ತೋರಿಸಿದರು.

"ಎರಡು ವರ್ಷದಿಂದ ಅವ್ಳನ್ನ ಅಡಿಗೆಮನೇಲೇ ನೋಡಿದೀವಿ. ಈ ಹಾಲಲ್ಲಿ ಅವ್ಳು ತಲೆ ಬಗ್ಗಿಸ್ಕೊಂಡು ಓಡಾಡ್ತಿದ್ಲು. ಗೆದ್ದಿದ್ದು ಅಲ್ಲಿ, ಕಿಟಕಿ ಪಕ್ಕ. ನೀವು ಅತ್ತೆ ಉಯ್ಯಾಲೆ ಕಟ್ಬುಟ್ಟು, ಕೂತ್ಕೊಂಡು ಫೋಟೊ ತೆಗಿಸ್ಕೊಳ್ಳಿ ಅಂತೀರ. ನಾವು ಅತ್ತೇನ ನೋಡೋಕಾ ಬಂದಿರೋದು?"

ಮ್ಯಾನೇಜರು ಕೆಳಗಿನಿಂದ ಕೈಸನ್ನೆ ಮಾಡಿದರು. ನಾನು, "ಟೈಮ್ ಆಯ್ತು ಆಂಟಿ," ಎಂದು ಅವರ ಕೈಯಿಂದ ಮೈಕು ತೆಗೆದುಕೊಂಡೆ. ಹಬ್ಬ ಹಬ್ಬಕ್ಕೂ ನನಗೆ ಹೋಳಿಗೆ ಬಡಿಸಿದ ಕೈ ಅದು. ಅವರು ಎಳೆದಾಡಲಿಲ್ಲ. ನನ್ನ ಮುಖ ನೋಡಿ, ನನಗೆ ಮಾತ್ರ ಕೇಳುವಷ್ಟು ಮೆಲ್ಲಗೆ, "ತಗೊ. ಮೈಕು ನಿಂದೇ," ಅಂದರು. ವೇದಿಕೆ ಇಳಿದು ನೇರ ಮನೆಯೊಳಗೆ ನಡೆದು, ಆ ಉಯ್ಯಾಲೆಯ ಮೇಲೆ ಕೂತುಬಿಟ್ಟರು.

ಫೋಟೊ ತೆಗೆಯುವವನು ಒಂದು ತೆಗೆದ, ಎರಡು ತೆಗೆದ. ಅವರು ಏಳಲಿಲ್ಲ. ಸಾಲು ಬಾಗಿಲು ದಾಟಿ ಬೆಳೆಯಿತು. ಆಗ ದೆವ್ವದ ಸೀರಿಯಲ್ ಪರವಾಗಿ ಚರ್ಚೆಗೆ ಬಂದಿದ್ದ ಗುಬ್ಬಿಯ ಅಂಗನವಾಡಿ ಟೀಚರೊಬ್ಬರು ತಮ್ಮ ಗುಂಪಿನೊಂದಿಗೆ ಒಳಗೆ ಬಂದರು. ಅರ್ಧ ಗಂಟೆಯ ಹಿಂದೆ ವೇದಿಕೆಯ ಮೇಲೆ ಏಳೂವರೆಯನ್ನು ಹೀನಾಮಾನ ಆಡಿಕೊಂಡವರು ಅವರೇ. "ನಿಮ್ ಸೀರಿಯಲ್ ನಂಗೆ ಆಗಲ್ಲ ಕಣಕ್ಕ. ಆದ್ರೂ ನೀವ್ ಕೇಳಿದ್ದು ಸರೀನೆ," ಎಂದು ಆಂಟಿಯ ಪಕ್ಕದಲ್ಲಿ ಕೂತರು. ಉಯ್ಯಾಲೆ ಕಿರ್ ಎಂದಿತು.

ಮ್ಯಾನೇಜರು ಬಂದರು. "ಅಮ್ಮ, ಅಡಿಗೆಮನೆ ನೋಡೋಕೆ ಯಾರು ಟಿಕೆಟ್ ತಗೋತಾರೆ? ಅದು ನಿಮ್ಮನೇಲೇ ಇರುತ್ತಲ್ಲ."

"ಮೆಟ್ಲೂ ನಮ್ಮನೇಲಿ ಅವೆ ಸ್ವಾಮಿ. ಕಟ್ಟಿದೀರಲ್ಲ."

"ಆಯ್ತು, ನೋಡೋಣ."

"ನೋಡೋದು ನಾವು. ನೀವು ಕಟ್ಟೋಣ ಅನ್ನಿ."

ಅವರು ಅನ್ನಲಿಲ್ಲ. ಮಧ್ಯಾಹ್ನದ ಊಟದ ಹೊತ್ತಿಗೆ ಆಂಟಿ ತಾವಾಗಿಯೇ ಎದ್ದರು. ಹಿಂದೆ ನಿಂತವರೊಬ್ಬರ ಕಂಕುಳಲ್ಲಿ ಮಗು ಅಳುತ್ತಿತ್ತು, ಅದಕ್ಕೆ.

ಮರುದಿನ ಬೆಳಿಗ್ಗೆ ಕೋಣೆ ಖಾಲಿ ಮಾಡು ಎನ್ನುತ್ತಾರೆಂದು ಎದೆ ಗಟ್ಟಿ ಮಾಡಿಕೊಂಡೇ ಕೆಳಗಿಳಿದೆ. ಅವರು ಮಿಷನ್ನಿಗೆ ಎಣ್ಣೆ ಬಿಡುತ್ತಿದ್ದರು.

"ಆಂಟಿ, ನನ್ನಿಂದ ತಪ್ಪಾಯ್ತು," ಎಂದೆ.

"ಹೂಂ, ಆಯ್ತು. ಕೋಪ ಇಲ್ಲ ಅಂದ್ರೆ ಸುಳ್ಳಾಯ್ತದೆ. ಅದೆ. ಅದು ಅದರ ಪಾಡಿಗೆ ಇರ್ಲಿ. ನೀನು ಓದ್ತಿರೋಳು, ಪಾರ್ಕಿನೋರಿಗೆ ಒಂದು ಕಾಗ್ದ ಬರ್ಕೊಡು."

ನಾನು ಋಣ ತೀರಿಸುವವಳ ಹಾಗೆ ಕೂತು ಒಂದು ಪುಟ ಬರೆದೆ. ಸಮಸ್ತ ಮಹಿಳಾ ಸಮುದಾಯ, ಅಸ್ಮಿತೆ, ಅನಾವರಣ, ನಮ್ಮ ತರಗತಿಯಲ್ಲಿ ಕಲಿತದ್ದೆಲ್ಲ ಅದರಲ್ಲಿತ್ತು. ಓದಿ ಹೇಳಿದೆ. ಅವರು ಕೊನೆಯವರೆಗೂ ಕೇಳಿ, "ಅಸ್ಮಿತೆ ಅಂದ್ರೇನೇ?" ಅಂದರು. ಹೇಳಲು ಹೊರಟು ತಡವರಿಸಿದೆ.

"ತೆಗಿ ಅದನ್ನ. ಕಿಟಕಿ ಎಡಕ್ಕಿತ್ತು ಅಂತ ಬರಿ. ಒಲೆ ಕಟ್ಟೆ ಬಲಕ್ಕೆ. ಮಿಷನ್ನು ಕಾಲಲ್ಲಿ ತುಳಿಯೋದು, ಕರೆಂಟಿಂದಲ್ಲ. ಕುರ್ಚಿ ಇರ್ಲಿಲ್ಲ, ಎಣ್ಣೆ ಡಬ್ಬದ ಮೇಲೆ ಗೋಣಿ ಹಾಕ್ಕೊಂಡು ಕೂರ್ತಿದ್ಲು. ಇಷ್ಟು ಬರಿ. ಸುಳ್ಳು ಅನ್ನೋಕೆ ಅವ್ರಿಗೆ ಜಾಗಾನೇ ಇರಬಾರ್ದು."

ಹಾಗೆಯೇ ಬರೆದೆ. ಇಂದು ನಾನು ಕುಣಿಗಲಿನಲ್ಲಿ ಪಿಯುಸಿ ಮಕ್ಕಳಿಗೆ ಕನ್ನಡ ಹೇಳಿಕೊಡುತ್ತೇನೆ. ಒಂದು ಬರಹವನ್ನು ಹೇಗೆ ಓದಬೇಕು, ಏನನ್ನು ಬಿಟ್ಟಿದ್ದಾರೆ ಎಂದು ಹೇಗೆ ಹುಡುಕಬೇಕು ಎಂಬುದನ್ನು ನಾನು ಕಲಿತದ್ದು ಆ ಬೆಳಿಗ್ಗೆ, ಆ ಅಂಗಡಿಯಲ್ಲಿ. ಸ್ಟಾಫ್ ರೂಮಿನಲ್ಲಿ ಸೀರಿಯಲ್ ನೋಡುವ ಹೆಂಗಸರ ಬಗ್ಗೆ ಯಾರಾದರೂ ತಮಾಷೆ ಮಾಡಿದರೆ ನಾನು ಇದನ್ನು ಹೇಳುತ್ತೇನೆ. ಅವರಿಗೆ ಹಿಡಿಸುವುದಿಲ್ಲ. ಹಿಡಿಸದಿದ್ದರೆ ಬೇಡ.

ಕಾಗದ ನಮ್ಮ ಬೀದಿ ಸುತ್ತಿತು. ಅಂಗನವಾಡಿ ಟೀಚರು ಅದನ್ನು ಗುಬ್ಬಿಗೆ ಒಯ್ದರು, ಆಂಟಿಯ ತಂಗಿ ಕುಣಿಗಲ್ ಕಡೆಯ ತಮ್ಮೂರಿಗೆ. ಸಹಿಗಳಿಗೆ ಹಾಳೆ ಸಾಲದೆ ನೋಟ್‌ಬುಕ್ಕು ಬಂತು. ಲೆಕ್ಚರರ್ ಮೇಡಂ, "ನಾನು ಈ ಧಾರಾವಾಹಿಯ ಅಭಿಮಾನಿಯಲ್ಲ, ಆದರೂ ಒಪ್ಪುತ್ತೇನೆ," ಎಂದು ಬರೆದು ಸಹಿ ಹಾಕಿದರು. ಕೊನೆಯ ಹಾಳೆಯಲ್ಲಿ ನಾನೂ ಹಾಕಿದೆ. ಎಲ್ಲವನ್ನೂ ಪಾರ್ಕಿನವರಿಗೆ ಕಳಿಸಿದೆವು.

ವಾರದಲ್ಲಿ ಮ್ಯಾನೇಜರ ಫೋನು. "ಏನಮ್ಮ, ನಿನ್ ಸಹೀನೂ ಅದೆಯಂತೆ?"

"ಹೌದು ಸಾರ್. ಬರ್ದಿದ್ದೂ ನಾನೇ."

"ಹಂಗಾದ್ರೆ ಮುಂದಿನ ಭಾನುವಾರದಿಂದ ಬರೋದು ಬೇಡ."

ಆಂಟಿಗೆ ಹೇಳಿದಾಗ ಅವರು ಅಯ್ಯೋ ಪಾಪ ಅನ್ನಲಿಲ್ಲ. "ಭಾನುವಾರ ಇಲ್ಲಿ ಹುಕ್ಸ್ ಹಾಕೋದು ಬೇಜಾನ್ ಇರ್ತದೆ, ಬಾ," ಅಂದರು.

ಆರೇಳು ತಿಂಗಳಾದ ಮೇಲೆ ಪಾರ್ಕಿನವರು ಹಾಲಿನ ಹಿಂದಿನ ಗೋಡೆ ಒಡೆದು ಸಣ್ಣದೊಂದು ಕೋಣೆ ಕಟ್ಟಿದರು. ಕಾಗದ ಓದಿ ಕಟ್ಟಿದರೋ, ಫೋಟೊಗೆ ಇನ್ನೊಂದು ಜಾಗವಾಗಲಿ ಎಂದು ಕಟ್ಟಿದರೋ, ನಮಗೆ ಯಾರೂ ಹೇಳಿ ಕಳಿಸಲಿಲ್ಲ. ನಾವು ಟಿಕೆಟ್ ಕೊಂಡೇ ಹೋದೆವು. ಕಿಟಕಿ ಎಡಕ್ಕಿತ್ತು. ಎಣ್ಣೆ ಡಬ್ಬ ಇತ್ತು. ಆಂಟಿ ಕೈಕಟ್ಟಿ ನಿಂತು ಮೂಲೆ ಮೂಲೆ ನೋಡಿದರು. ಆಮೇಲೆ ಹಗ್ಗದ ಅಡ್ಡಕಟ್ಟಿನ ಕೆಳಗೆ ನುಸುಳಿ ಮಿಷನ್ ಮುಂದೆ ಕೂತರು. ಕಾವಲಿನವನು, "ಅಮ್ಮ, ಮುಟ್ಬಾರ್ದು," ಎಂದು ಓಡಿಬಂದ.

"ದಾರ ತಪ್ಪಾಗಿ ಪೋಣ್ಸಿದೀರ ಕಣಪ್ಪ. ಹೊಲಿಯೋರು ನೋಡಿದ್ರೆ ನಗ್ತಾರೆ," ಎಂದು, ಸೂಜಿಗೆ ಸರಿಯಾಗಿ ದಾರ ಪೋಣಿಸಿ, ಚಕ್ರವನ್ನು ಒಮ್ಮೆ ತಿರುಗಿಸಿ ನೋಡಿ, ಎದ್ದು ಬಂದರು. ಅವನು ಪಕ್ಕಕ್ಕೆ ಸರಿದು ದಾರಿ ಬಿಟ್ಟ.

ಮುಂದಿನ ವರ್ಷ ಏಳೂವರೆ ಮುಗಿಯಿತು. ಕೊನೆಯ ಕಂತಿನಲ್ಲಿ ಸೊಸೆ ಅತ್ತೆಯನ್ನು ಕ್ಷಮಿಸಿ ಕಾಲಿಗೆ ಬಿದ್ದಳು. ಆಂಟಿ ಟಿವಿ ಆರಿಸಿ, "ಇದು ಅವ್ಳು ಮಾಡೋ ಕೆಲ್ಸ ಅಲ್ಲ. ಯಾರೋ ಮಾಡ್ಸವ್ರೆ," ಅಂದರು. ಆ ಮಾತನ್ನು ಕೊನೆಯವರೆಗೂ ಬದಲಿಸಲಿಲ್ಲ. ಮುಂದೆ ಅವರು ಹೃದಯದ ತೊಂದರೆಯಿಂದ ಆಸ್ಪತ್ರೆ ಸೇರಿದಾಗ ನೋಡಲು ಹೋದೆ. ಹಾಸಿಗೆಯ ಪಕ್ಕ ಲೆಕ್ಚರರ್ ಮೇಡಂ ಕೂತಿದ್ದರು. ಕ್ಷಮೆ ದೊಡ್ಡ ಗುಣವಲ್ಲವೇ ಎಂದು ಮೇಡಂ ವಾದ ಹೂಡಿದ್ದರು. "ದೊಡ್ಡ ಗುಣವೇ ಮೇಡಂ. ಆದ್ರೆ ಅತ್ತೆ ಕೇಳ್ಲೇ ಇಲ್ವಲ್ಲ. ಕೇಳ್ದೇ ಇರೋರಿಗೆ ಯಾಕೆ ಕೊಡ್ಬೇಕು?" ಎಂದು ಆಂಟಿ ಏದುಸಿರಿನಲ್ಲೂ ಬಿಡಲಿಲ್ಲ. ನರ್ಸು ಬಂದು ಇಬ್ಬರಿಗೂ ಸುಮ್ಮನಿರಲು ಹೇಳಿದಳು. ಅದಾದ ನಾಲ್ಕನೇ ದಿನ ಆಂಟಿ ಹೋಗಿಬಿಟ್ಟರು.

ಹನ್ನೊಂದನೇ ದಿನದ ಕಾರ್ಯಕ್ಕೆ ಗುಬ್ಬಿಯಿಂದ, ಕುಣಿಗಲಿನಿಂದ ನನಗೆ ಪರಿಚಯವಿಲ್ಲದ ಹೆಂಗಸರು ಬಂದಿದ್ದರು. ಊಟದ ಪಂಕ್ತಿಯಲ್ಲಿ ದೂರದ ನೆಂಟರೊಬ್ಬರು ಎಲೆಗೆ ನೀರು ಚಿಮುಕಿಸುತ್ತ, "ಪಾಪ, ಯಾರ ತಂಟೆಗೂ ಹೋದೋಳಲ್ಲ. ಸುಮ್ನೆ ಸೀರಿಯಲ್ ನೋಡ್ಕೊಂಡು ಇದ್ದೋಳು," ಎಂದರು.

ಯಜಮಾನರು ಪಲ್ಯದ ಪಾತ್ರೆ ಹಿಡಿದು ಬಡಿಸುತ್ತಿದ್ದರು. ಅಲ್ಲೇ ನಿಂತರು. ಅಷ್ಟು ಜನರ ಮುಂದೆ ಅವರು ಬಾಯಿ ತೆರೆದದ್ದನ್ನು ನಾನು ನೋಡಿದ್ದು ಅದೊಂದೇ ಸಲ.

"ಸುಮ್ನೆ ನೋಡ್ಲಿಲ್ಲ ಅವ್ಳು," ಎಂದು ಹೇಳಿ, ಮುಂದಿನ ಎಲೆಗೆ ಬಾಗಿದರು.