ಬಾಕ್ಸನ್ನು ಕೇಳದೆ ತಂದ ಹೆಡ್

ಕಳೆದ ತಿಂಗಳು ಕುಂದಾಪುರದ ಸುಜಾತಾ ಅವರ ರಿಪೇರಿ ಅಂಗಡಿಯಲ್ಲಿ ನನ್ನ ಸ್ಪೀಕರ್ ಬಾಕ್ಸಿನ ಹಿಂಬದಿಯ ಹಲಗೆ ಬಿಚ್ಚಿದಾಗ ಒಳಗಿನಿಂದ ರೆಸಿನ್ ವಾಸನೆ ಬಂತು. ದೋಣಿಗೆ ಬಳಿಯುವ ರೆಸಿನ್. ಮೊದಲು ಮೂಗಿಗೆ ಚುಚ್ಚುತ್ತದೆ, ಆಮೇಲೆ ಗಂಟಲಿಗೆ ಇಳಿಯುತ್ತದೆ. ಸುಜಾತಾ ಮೂಗು ಮುಚ್ಚಿಕೊಂಡು, “ಎಂತ ಮಾರಾಯ್ರೆ, ಇದ್ರಂಗೆ ಕೂಕಂಡ್ ಮೀನ್ ಹಿಡುಕ್ ಹೋತ್ರಿಯಾ?” ಎಂದು ನಕ್ಕರು. ನಾನೂ ನಕ್ಕೆ ಅಂದುಕೊಳ್ಳಿ. ನಕ್ಕಂತೆ ಮುಖ ಮಾಡಿದೆ ಎಂಬುದು ಹೆಚ್ಚು ಸರಿ.

ನಾನು ಬೇಸ್ ಗಿಟಾರ್ ನುಡಿಸುವವನು. ನಮ್ಮ ಆರ್ಕೆಸ್ಟ್ರಾ ತಂಡದಲ್ಲಿ ನಾನಿದ್ದೇನೆಂದು ಜನಕ್ಕೆ ತಿಳಿಯುವುದು ನಾನು ನಿಲ್ಲಿಸಿದಾಗ ಮಾತ್ರ. ಹಾಡುವವಳ ಹೆಸರು ಬೈಂದೂರಿನವರೆಗೂ ಗೊತ್ತು. ನನ್ನನ್ನು “ಆ ಉದ್ದ ಗಿಟಾರಿನವ್ರ್” ಎನ್ನುತ್ತಾರೆ. ಈ ಉದ್ದ ಗಿಟಾರಿಗೆ ಎರಡು ವಸ್ತು ಬೇಕು. ಒಂದು, ಸದ್ದಿಗೆ ಶಕ್ತಿ ಕೊಡುವ ಆಂಪ್ಲಿಫೈಯರ್. ಅದನ್ನು ಹೆಡ್ ಎನ್ನುತ್ತೇವೆ. ಇನ್ನೊಂದು, ಆ ಶಕ್ತಿಯನ್ನು ಸದ್ದು ಮಾಡಿ ಹೊರಗೆ ಬಿಡುವ ಸ್ಪೀಕರ್ ಬಾಕ್ಸ್. ಬಾಕ್ಸಿಗೆ ಓಮ್ ಎಂಬ ಲೆಕ್ಕ ಉಂಟು. ಅದು ಕಡಿಮೆಯಾದಷ್ಟೂ ಹೆಡ್ಡಿನ ಮೇಲೆ ಭಾರ ಹೆಚ್ಚು. ಎಂಟು ಓಮಿನ ಎರಡು ಬಾಕ್ಸುಗಳನ್ನು ಒಟ್ಟಿಗೆ ಸಿಕ್ಕಿಸಿದರೆ ನಾಲ್ಕಾಗುತ್ತದೆ. ಇಷ್ಟು ತಿಳಿದರೆ ಸಾಕು. ನನಗೂ ಅಂದು ಇಷ್ಟೇ ತಿಳಿದಿತ್ತು. ಎಲ್ಲ ತಿಳಿದಿದೆ ಎಂದುಕೊಂಡಿದ್ದೆ.

ಬಾಕ್ಸುಗಳನ್ನು ಮಾಡಿಕೊಟ್ಟವರು ಮರವಂತೆಯ ಗೋವಿಂದಣ್ಣ. ಅವರ ಕೆಲಸ ದೋಣಿ ಕಟ್ಟುವುದು. ಹೊಳೆಯ ಬದಿಯ ಚಪ್ಪರದಲ್ಲಿ ಅರ್ಧ ಕಟ್ಟಿದ ದೋಣಿಯ ಪಕ್ಕದಲ್ಲೇ ನನ್ನ ಬಾಕ್ಸುಗಳು ಹುಟ್ಟಿದವು. ನೀರು ಒಳಗೆ ಬಾರದಂತೆ ಮಾಡಿ ರೂಢಿಯಿದ್ದ ಕೈ, ಗಾಳಿ ಹೊರಗೆ ಹೋಗದಂತೆ ಮಾಡಿತು. ಸಂದುಗಳಿಗೆಲ್ಲ ರೆಸಿನ್ ತುಂಬಿದರು. ಮುಗಿದ ಮೇಲೆ ಸ್ಪೀಕರಿನ ಕಾಗದವನ್ನು ಎರಡು ಬೆರಳಿನಿಂದ ಮೆಲ್ಲಗೆ ಒತ್ತಿ ಬಿಟ್ಟರು. ಅದು ತಟ್ಟನೆ ಹಿಂದಕ್ಕೆ ಬರಲಿಲ್ಲ. ನಿದ್ದೆಯಿಂದ ಏಳುವವರ ಹಾಗೆ ನಿಧಾನವಾಗಿ ಬಂತು. “ಕಾಣ್, ಉಸ್ರ್ ಸೋರುದಿಲ್ಲೆ” ಎಂದರು. ಅವರ ಬಾಕ್ಸಿನ ಸದ್ದು ಕೇಳಿ ಇನ್ನೆರಡು ತಂಡದವರು ತಮಗೂ ಬೇಕೆಂದು ಹೇಳಿದರು. ಮಳೆಗಾಲದಲ್ಲಿ ದೋಣಿ ಕೆಲಸ ಇರುವುದಿಲ್ಲ. ಗೋವಿಂದಣ್ಣನಿಗೆ ಅದೊಂದು ಹೊಸ ಹುರುಪಾಯಿತು.

ಆ ಚಪ್ಪರದಲ್ಲಿ ಒಂದು ಕ್ರಮ ಇತ್ತು. ದೋಣಿಗೆ ಮೋಟಾರ್ ಕೊಳ್ಳುವವರು ಒಬ್ಬರೇ ಅಂಗಡಿಗೆ ಹೋಗುತ್ತಿರಲಿಲ್ಲ, ಕಟ್ಟಿದವರನ್ನು ಕರೆದುಕೊಂಡೇ ಹೋಗುತ್ತಿದ್ದರು. ಹಿಂದಿನ ಹಲಗೆ ಎಷ್ಟು ಎಳೆತ ತಾಳುತ್ತದೆ, ಎಲ್ಲಿ ಒಂದು ತುಂಡು ಬದಲಾಗಿದೆ ಎಂಬುದು ಕಟ್ಟಿದವನಿಗಲ್ಲದೆ ಯಾರಿಗೆ ಗೊತ್ತು? ಅಂಗಡಿಯಲ್ಲಿ ಗೋವಿಂದಣ್ಣ ಮಾತಾಡುತ್ತಿರಲಿಲ್ಲ. ಮೋಟಾರನ್ನು ಒಂದು ಸುತ್ತು ನೋಡಿ “ಆತ್ತ್” ಅಥವಾ “ಆತಿಲ್ಲೆ” ಎನ್ನುತ್ತಿದ್ದರು, ಅಷ್ಟೇ.

ಮೂರನೆಯ ವರ್ಷ ಉಪ್ಪುಗಾಳಿಗೆ ಒಂದು ಬಾಕ್ಸಿನ ಸ್ಪೀಕರ್ ತುಕ್ಕು ಹಿಡಿಯಿತು. ಗೋವಿಂದಣ್ಣ ಬೇರೆ ಸ್ಪೀಕರ್ ಹಾಕಿಕೊಟ್ಟರು. ಬಾಕ್ಸನ್ನು ನನ್ನ ರಿಕ್ಷಾಕ್ಕೆ ಏರಿಸುವಾಗ ಹೇಳಿದ್ದು ಇಷ್ಟು: “ಇದ್ ಮುಂಚಿನ್ ನಮ್ನಿದಲ್ಲ. ಈಗಿನ್ ಹೆಡ್ಡಿಗೆ ಅಡ್ಡಿಲ್ಲೆ. ಹೊಸ ಹೆಡ್ ತರುದಾರೆ ನನ್ನನ್ ಕರಿ, ನಾನೂ ಬತ್ತೆ.” ನಾನು “ಆಯ್ತ್ ಗೋವಿಂದಣ್ಣ” ಎಂದೆ.

ಕರೆಯಲಿಲ್ಲ. ಹಳೆಯ ಹೆಡ್ ಹೊರಲು ಇಬ್ಬರು ಬೇಕಿತ್ತು. ಹೊಸದು ಒಂದು ಊಟದ ಡಬ್ಬಿಯಷ್ಟಿತ್ತು. ಫೋನಿನಲ್ಲಿ ಅದರ ವಿಡಿಯೋಗಳನ್ನು ನೋಡಿ ನೋಡಿ ನನಗೆ ಹುಚ್ಚು ಹಿಡಿದಿತ್ತು. ಅದರ ಕೆಳಗೆ ಬರೆದಿತ್ತು: ನಾಲ್ಕು ಓಮಿಗಿಂತ ಕಡಿಮೆ ಬೇಡ. ನಾನು ಬಾಕ್ಸುಗಳ ಹಿಂದಿನ ಹಳೆಯ ಚೀಟಿ ನೋಡಿದೆ. ಎಂಟು, ಎಂಟು. ಎರಡೂ ಸೇರಿದರೆ ನಾಲ್ಕು. ಸರಿ. ದೋಣಿ ಕಟ್ಟುವವರನ್ನು ಸಂಗೀತದ ಸಾಮಾನಿನ ಅಂಗಡಿಗೆ ಕರೆದುಕೊಂಡು ಹೋಗುವುದು ಹೇಗೆ ಎಂಬ ನಾಚಿಕೆಯೂ ಇತ್ತು. ಇದನ್ನು ಇಲ್ಲಿಯವರೆಗೆ ಯಾರ ಹತ್ತಿರವೂ ಹೇಳಿರಲಿಲ್ಲ.

ಹೊಸ ಹೆಡ್ಡಿನ ಮೊದಲ ಕಾರ್ಯಕ್ರಮ ಬ್ರಹ್ಮಾವರದ ಒಂದು ಮದುವೆ ಹಾಲಿನಲ್ಲಿ. ಮಧ್ಯಾಹ್ನ, ಊಟದ ಹೊತ್ತು. ಗೋವಿಂದಣ್ಣ ಮತ್ತು ಅವರ ಹೆಂಡತಿ ಗಿರಿಜಕ್ಕ ಹೆಣ್ಣಿನ ಕಡೆಯ ನೆಂಟರಾಗಿ ಬಂದಿದ್ದರು. ವೇದಿಕೆಯ ಎಡಕ್ಕೆ ಎರಡನೆಯ ಸಾಲಿನಲ್ಲಿ ಊಟಕ್ಕೆ ಕೂತಿದ್ದರು. ಮೂರನೆಯ ಹಾಡಿನ ನಡುವೆ ಹೆಡ್ಡಿನಿಂದ ಸುಟ್ಟ ವಾಸನೆ ಬಂತು. ಒಂದು ಎಳೆ ಹೊಗೆ. ಸದ್ದು ನಿಂತಿತು. ಹಾಡುವವಳೂ ನಿಲ್ಲಿಸಿದಳು. ಮದುಮಗಳ ಸೋದರಮಾವ ವೇದಿಕೆಯ ಹತ್ತಿರ ಬಂದು, “ಹ್ವಾಯ್, ಎಂತಾಯ್ತ್? ದುಡ್ಡ್ ಕೊಟ್ಟ್ ಮೌನ ಕೇಂಬುಕಾ ಕರ್ಸದ್?” ಎಂದು ಕೇಳಿದರು. ಸುತ್ತಲಿನವರು ನಕ್ಕರು.

ಆಗ ನಾನು ಹೇಳಿದ್ದನ್ನು ಇದ್ದ ಹಾಗೆ ಬರೆಯುತ್ತೇನೆ. “ಹೆಡ್ ಹೊಸ್ತೇ. ಬಾಕ್ಸ್ ದೋಣಿ ಮಾಡೋರ್ ಮಾಡದ್. ನೀರಂಗೆ ಬಿಟ್ರೆ ತೇಲ್ತ್, ಹಾಡುದಿಲ್ಲೆ.”

ಒಂದು ನಿಮಿಷ ತಡೆಯಿರಿ ಎನ್ನಲು ಹಾಡುವವಳ ಮೈಕನ್ನು ನಾನು ಕೈಯಲ್ಲಿ ಹಿಡಿದುಕೊಂಡಿದ್ದೆ. ಅದು ಆಫ್ ಆಗಿರಲಿಲ್ಲ. ಹಾಲಿನ ಕೊನೆಯ ಸಾಲಿನವರೆಗೂ ನಗು ಹೋಯಿತು. ಗೋವಿಂದಣ್ಣ ತಲೆ ಎತ್ತಲಿಲ್ಲ. ಅವರ ಎಲೆಗೆ ಆಗಷ್ಟೇ ಪಾಯಸ ಬಡಿಸಿದ್ದರು. ಗಿರಿಜಕ್ಕ ಮಾತ್ರ ನನ್ನನ್ನೇ ನೋಡುತ್ತಿದ್ದರು. ಆಮೇಲೆ ಇಬ್ಬರೂ ಎದ್ದು ಕೈ ತೊಳೆಯಲು ಹೋದರು. ಪಾಯಸ ಎಲೆಯಲ್ಲೇ ಇತ್ತು.

ಆ ಮಾತು ನನಗಿಂತ ದೊಡ್ಡ ಹೆಸರು ಮಾಡಿತು. “ತೇಲುವ ಬಾಕ್ಸ್” ಎಂದು ಬೇರೆ ತಂಡದವರು ಹೇಳಿಕೊಂಡು ನಗುತ್ತಿದ್ದರು. ಬೇಕೆಂದಿದ್ದ ಇಬ್ಬರೂ ಬೇಡವೆಂದರು. ಗೋವಿಂದಣ್ಣ ಮತ್ತೆ ಬಾಕ್ಸ್ ಮಾಡಲಿಲ್ಲ. ನಾನು ಹೆಡ್ ರಿಪೇರಿ ಮಾಡಿಸಿ, ಅಂದಿನಿಂದ ಒಂದೇ ಬಾಕ್ಸ್ ಸಿಕ್ಕಿಸಿಕೊಂಡು ಆರು ವರ್ಷ ನುಡಿಸಿದೆ. ಇನ್ನೊಂದು ಮನೆಯ ಅಟ್ಟ ಸೇರಿತು. ಬಸ್ಸಿನಲ್ಲಿ ಮರವಂತೆಯ ಮೇಲೆ ಹೋಗುವಾಗ ಸಮುದ್ರದ ಕಡೆಗೆ ಮುಖ ಮಾಡಿ ಕೂರುತ್ತಿದ್ದೆ, ಅವರ ಚಪ್ಪರವಿದ್ದ ಹೊಳೆಯ ಕಡೆಗಲ್ಲ.

ಕಳೆದ ತಿಂಗಳು ಸುಜಾತಾ ಅವರ ಅಂಗಡಿಗೆ ಎರಡೂ ಬಾಕ್ಸು ಒಯ್ದು, ಅಂದು ಹೆಡ್ ಸುಟ್ಟದ್ದನ್ನು ಹೇಳಿದ್ದೆ. ಅವರು ಮೀಟರಿನ ಎರಡು ತಂತಿಗಳ ತುದಿಯನ್ನು ಮೊದಲನೆಯ ಬಾಕ್ಸಿಗೆ ಇಟ್ಟರು. ಆರು ತೋರಿಸಿತು. “ಮೀಟರಂಗೆ ಒಂಚೂರ್ ಕಮ್ಮಿಯೇ ಕಾಂತ್. ಇದ್ ಎಂಟ್, ಸಮ ಇತ್ತ್.” ಅಟ್ಟದಿಂದ ಇಳಿಸಿ ತಂದ ಎರಡನೆಯದಕ್ಕೆ ಇಟ್ಟರು. ಮೂರು. ಇನ್ನೊಮ್ಮೆ ಇಟ್ಟರು. ಮೂರೇ. “ಇದ್ ನಾಲ್ಕಿಂದ್ ಮಾರಾಯ್ರೆ. ಚೀಟಿ ಹಳೀದ್. ಎರಡೂ ಒಟ್ಟಿಗೆ ಕೊಟ್ರೆ ಮೂರೂ ಆತಿಲ್ಲೆ. ನಿಮ್ ಆ ಹೆಡ್ ಸುಡ್ದೆ ಎಂತ ಮಾಡುದ್?” ಆಮೇಲೆ ಬಾಕ್ಸಿನ ಒಳಮೈಯನ್ನು ಸವರಿ ನೋಡಿ, “ಬಾಕ್ಸ್ ಯಾರ್ ಮಾಡದ್? ಪಷ್ಟ್ ಕೆಲ್ಸ” ಎಂದರು. “ಇದನ್ ಬದಲ್ಸಬೇಡಿ. ಎರಡ್ ಓಮ್ ತಾಳುವ ಹೆಡ್ ಹುಡ್ಕಿ.”

ಮರುದಿನವೇ ಮರವಂತೆಗೆ ಹೋದೆ. ಗೋವಿಂದಣ್ಣ ಅಂಗಳದಲ್ಲಿ ಬಲೆಯ ಹಗ್ಗ ಬಿಡಿಸುತ್ತಿದ್ದರು. ನಾನು ಬಂದದ್ದು ಅವರಿಗೆ ತಿಳಿಯಲಿಲ್ಲ. ಗಿರಿಜಕ್ಕ ಒಳಗಿನಿಂದ ಬಂದು, “ಕೂಕೊ. ಅವ್ರಿಗೆ ಈಗ ಕೆಮಿ ಕೇಂತಿಲ್ಲೆ, ಜೋರ್ ಹೇಳ್ಕ್” ಎಂದರು. ದಾರಿಯುದ್ದಕ್ಕೂ ನಾನು ಮೆಲುದನಿಯ ಮಾತು ಜೋಡಿಸಿಕೊಂಡು ಬಂದಿದ್ದೆ. ಅದನ್ನೆಲ್ಲ ಕೂಗಿ ಹೇಳಬೇಕಾಯಿತು. ಮೀಟರು, ಮೂರು, ನಾಲ್ಕು, ಚೀಟಿ. ಪಕ್ಕದ ಮನೆಯವರು ಜಗಲಿಗೆ ಬಂದು ನಿಂತರು. ಗೋವಿಂದಣ್ಣ ಹೆಂಡತಿಯ ಮುಖ ನೋಡಿ, “ಎಂತ ಅಂಬ್ರ್?” ಎಂದರು.

ಗಿರಿಜಕ್ಕ ಅವರ ಕಿವಿಯ ಹತ್ತಿರ ಬಾಗಿ ಹೇಳಿದರು: “ತಪ್ಪ್ ಅವಂದ್ ಅಂಬ್ರ್.”

“ಅದ್ ಅವತ್ತೇ ಗೊತ್ತಾಯ್ತ್” ಎಂದರು ಗೋವಿಂದಣ್ಣ. ಕೈಯ ಹಗ್ಗ ಬಿಡಲಿಲ್ಲ. “ಹೊಗಿ ಹೆಡ್ಡಿಂದ್ ಬಂದದ್ದ್ ಕಂಡಿದೆ.”

“ಮತ್ತೆ ಅಲ್ಲೇ ಯಾಕೆ ಹೇಳಲಿಲ್ಲ?” ನಾನು ಕೂಗಿದೆ. ಗಾಬರಿಯಲ್ಲಿ ನನ್ನ ಬಾಯಿಂದ ಪುಸ್ತಕದ ಕನ್ನಡ ಬಂದಿತ್ತು.

ಈ ಸಲ ಅವರಿಗೆ ಕೇಳಿಸಿತು. “ಹೇಂಗೆ ಹೇಳುದ್ ಮಾರಾಯಾ? ಮೈಕ್ ನಿನ್ ಕೈಯಂಗೆ ಇದ್ದಿತಲೆ.”

ಹೊಸ ಹೆಡ್ ತರಲು ಜೊತೆಗೆ ಬನ್ನಿ ಎಂದು ಕರೆದೆ. ಅವರು ನಕ್ಕರು; ಸಿಟ್ಟಿನ ನಗುವಲ್ಲ. “ಈಗ ಬಂದ್ ಎಂತ ಮಾಡುದ್? ಸದ್ದ್ ಸಮ ಇತ್ತಾ ಇಲ್ಯಾ ಅಂದೇಳಿ ನಂಗೆ ಕೇಣ್ಕಲೆ.” ಸುಜಾತಾ ಹೇಳಿದಂತೆ ಎರಡು ಓಮ್ ತಾಳುವ ಒಂದು ಹಳೆಯ ಹೆಡ್ ಹುಡುಕಿ ತಂದೆ. ತುಂಬಾ ಭಾರ. ಇಬ್ಬರು ಬೇಕು.

ಮೊನ್ನೆ ಬೈಂದೂರಿನ ಒಂದು ಶಾಲೆಯ ವಾರ್ಷಿಕೋತ್ಸವ. ಮಧ್ಯಾಹ್ನ ಮೂರು ಗಂಟೆ, ಬಿಸಿಲಿಗೆ ಶಾಮಿಯಾನ. ಎರಡೂ ಬಾಕ್ಸುಗಳನ್ನು ಸಿಕ್ಕಿಸಿ, ಮೈಕ್ ಕೇಳಿ ತೆಗೆದುಕೊಂಡೆ. ಈ ಬಾಕ್ಸುಗಳನ್ನು ಮರವಂತೆಯ ಗೋವಿಂದಣ್ಣ ಮಾಡಿದ್ದು, ಆರು ವರ್ಷದ ಹಿಂದೆ ಬ್ರಹ್ಮಾವರದಲ್ಲಿ ಇವುಗಳ ಬಗ್ಗೆ ನಾನು ಹೇಳಿದ್ದು ಸುಳ್ಳು, ತಪ್ಪು ನನ್ನದು. ಹೀಗೆಂದೆ. ಯಾರಿಗೂ ಅರ್ಥವಾಗಲಿಲ್ಲ. ಬ್ರಹ್ಮಾವರದಲ್ಲಿ ನಕ್ಕವರಲ್ಲಿ ಒಬ್ಬರೂ ಅಲ್ಲಿರಲಿಲ್ಲ. ಹಿಂದಿನಿಂದ ಯಾರೋ, “ಭಾಷಣ ಸಾಕ್, ಹಾಡ್ ಹೇಳಿ ಮಾರಾಯ್ರೆ” ಎಂದು ಕೂಗಿದರು.

ನಾನು ಕರೆದದ್ದಕ್ಕೆ ಗಿರಿಜಕ್ಕ ಮಾತ್ರ ಬಂದಿದ್ದರು. ಶಾಮಿಯಾನದ ಕಂಬದ ಹತ್ತಿರ, ಕೂರದೆ ನಿಂತಿದ್ದರು. ನಾನು ಮೈಕ್ ವಾಪಸ್ ಕೊಡುವಾಗ ಅವರು ಸೆರಗು ಸರಿಮಾಡಿಕೊಂಡು ಗೇಟಿನ ಕಡೆಗೆ ಹೊರಟರು. ಹಾಡು ಶುರುವಾಗುವಷ್ಟರಲ್ಲಿ ಮರವಂತೆಯ ಮೇಲೆ ಕುಂದಾಪುರಕ್ಕೆ ಹೋಗುವ ಬಸ್ಸಿಗೆ ಕೈ ಅಡ್ಡ ಹಿಡಿದು ನಿಂತಿದ್ದರು.