ಮುಖ ಕಾಣುತ್ತಾ?

ಅಲ್ಲಾಳಸಂದ್ರದ ನಮ್ಮ ಎದುರುಮನೆಯಲ್ಲಿ ಒಬ್ಬರು ಟ್ಯಾಕ್ಸಿ ಡ್ರೈವರ್ ಇದ್ದರು. ಕಾರಿಗೆ ಹೊಳಪು ಕೊಡೋ ವ್ಯಾಕ್ಸ್ ಚಳಿಗೆ ಗಟ್ಟಿಯಾಗುತ್ತೆ ಅಂತ ಅದರ ಡಬ್ಬಿಯನ್ನು ಕಂಕುಳಲ್ಲಿ ಬೆಚ್ಚಗಿಟ್ಟುಕೊಂಡೇ ಕಾರು ತೊಳೆಯುತ್ತಿದ್ದರು. ಆಮೇಲೆ ಬಾನೆಟ್ ಉಜ್ಜಿ ಉಜ್ಜಿ, ಅದರಲ್ಲೇ ಮುಖ ನೋಡಿಕೊಂಡು ಮೀಸೆ ಬಾಚಿಕೊಂಡರೆ ಕೆಲಸ ಮುಗಿದ ಹಾಗೆ.

ಸಕ್ಕರೆ ಕಾಯಿಲೆ ಅವರ ಕಣ್ಣು ತಿಂದುಹಾಕಿತು. ಕಾರು ಓಡಿಸುವುದು ನಿಂತರೂ ತೊಳೆಯುವುದು ನಿಲ್ಲಲಿಲ್ಲ. ಹಾಲಿಗೆ ಹೊರಟ ನನ್ನನ್ನು ಚಪ್ಪಲಿ ಸದ್ದಿನಲ್ಲೇ ಗುರುತು ಹಿಡಿದು, "ಮುಖ ಕಾಣುತ್ತಾ ನೋಡಿ ಮೇಷ್ಟ್ರೇ" ಅನ್ನುತ್ತಿದ್ದರು.

ಕಾರು ಕೊಂಡವರು ಬಂದು ಒಯ್ಯಬೇಕಿದ್ದ ಬೆಳಗ್ಗೆಯೂ ಮಂಜಿನಲ್ಲಿ ನಿಂತು ಅದನ್ನೇ ಕೇಳಿದರು.

"ಚೆನ್ನಾಗಿ ಕಾಣುತ್ತೆ" ಅಂದೆ.

ಜೇಬಿನಿಂದ ಬಾಚಣಿಗೆ ತೆಗೆದು, ಮೂಗು ತಾಗುವಷ್ಟು ಬಾನೆಟ್ಟಿನ ಮೇಲೆ ಬಗ್ಗಿದರು. ಹಾಗೇ ಮೀಸೆ ಬಾಚಿಕೊಂಡರು.

"ಹೆಂಗಿದೀನಿ ಮೇಷ್ಟ್ರೇ?"