ಲೇಸರಿನೊಳಗಿಂದ ಬಂದ ಉಳಿಯ ಸದ್ದು

ನಾನು ಭೌತಶಾಸ್ತ್ರ ಕಲಿಸುವವಳು. ಯಾರಾದರೂ ಕಾರಣ ತಿಳಿಯದ ಅನುಭವ ಹೇಳತೊಡಗಿದರೆ ನಡುವೆಯೇ ಬಾಯಿ ಹಾಕಿ, ಆಗ ಕರೆಂಟು ಸರಿಯಿತ್ತೇ, ನೀವು ಹಿಂದಿನ ರಾತ್ರಿ ನಿದ್ದೆ ಮಾಡಿದ್ದಿರೇ ಎಂದು ಕೇಳುವ ಚಾಳಿ ನನಗಿತ್ತು. ಸೇಡಂ, ಚಿತ್ತಾಪುರದ ಶಾಲೆಗಳಿಗೆ ಹೋಗಿ ಭಾನಾಮತಿಯ ಮಾಟ ಸುಳ್ಳೆಂದು ಎಷ್ಟೋ ಸಲ ಭಾಷಣ ಮಾಡಿದ್ದೇನೆ. ಈಗಲೂ ಅದು ಸುಳ್ಳೇ ಎನ್ನುತ್ತೇನೆ. ಆದರೂ ಈ ಒಂದು ಸಂಗತಿಯನ್ನು ಬರೆಯಬೇಕಾಗಿದೆ. ಬರೆಯುವಾಗ ನಾಚಿಕೆಯಿಂದ ಮುಖ ಬಿಸಿಯಾಗುತ್ತದೆ. ಯಾಕೆಂದು ಓದುತ್ತ ಹೋದಂತೆ ನಿಮಗೇ ತಿಳಿಯುತ್ತದೆ.

ಕೆಲವು ವರ್ಷಗಳ ಹಿಂದೆ ಶಹಾಬಾದಿನ ಒಂದು ಕಾಲೇಜಿನಲ್ಲಿದ್ದಾಗ, ಪಾಠ ಮುಗಿದ ಮೇಲೆ ಪ್ರಯೋಗಾಲಯದಲ್ಲಿ ನಾನೊಂದು ನೈಟ್ರೋಜನ್ ಲೇಸರ್ ಕಟ್ಟುತ್ತಿದ್ದೆ. ಅದಕ್ಕೆ ದುಬಾರಿ ಅನಿಲವೇನೂ ಬೇಕಿಲ್ಲ, ಕೋಣೆಯ ಗಾಳಿಯೇ ಸಾಕು. ಎರಡು ಅಗಲವಾದ ಅಲ್ಯೂಮಿನಿಯಂ ತಗಡು, ಅವುಗಳ ಮೇಲೆ ಎದುರುಬದುರಾಗಿ ಎರಡು ಲೋಹದ ಪಟ್ಟಿ. ತಗಡುಗಳಿಗೆ ಸಾವಿರಾರು ವೋಲ್ಟ್ ತುಂಬಿಸುತ್ತ ಹೋದರೆ ಪಕ್ಕದ ಒಂದು ಸಣ್ಣ ಸಂದಿನಲ್ಲಿ ಟಕ್ಕೆಂದು ಕಿಡಿ ಹಾರುತ್ತದೆ. ಆ ಕ್ಷಣ ಪಟ್ಟಿಗಳ ನಡುವಿನ ಗಾಳಿಯಲ್ಲಿ ಮಿಂಚು ಹರಿದು, ಕಣ್ಣಿಗೆ ಕಾಣದ ನೇರಳಾತೀತ ಕಿರಣ ಹೊರಬೀಳುತ್ತದೆ. ಎದುರಿಗೆ ಬಿಳಿ ಕಾಗದ ಹಿಡಿದರೆ ಅದರ ಮೇಲೆ ನೀಲಿ ಚುಕ್ಕೆ ಹೊಳೆಯುತ್ತದೆ.

ಕಷ್ಟವಿರುವುದು ಒಂದೇ ಕಡೆ. ಆ ಮಿಂಚು ಪಟ್ಟಿಯ ಉದ್ದಕ್ಕೂ ಸಮನಾಗಿ, ತೆಳು ಪರದೆಯ ಹಾಗೆ ಹರಡಬೇಕು. ಪಟ್ಟಿಗಳ ನಡುವಿನ ಸಂದು ಒಂದು ಕಡೆ ಕೂದಲೆಳೆಯಷ್ಟು ಕಡಿಮೆಯಾದರೂ ವಿದ್ಯುತ್ತೆಲ್ಲ ಅಲ್ಲಿಗೇ ನುಗ್ಗಿ ಬೆಳ್ಳಗೆ ಕಿಡಿಯಾಗಿ ಸತ್ತುಹೋಗುತ್ತದೆ. ನನ್ನದು ಸದಾ ಎಡತುದಿಯಲ್ಲೇ ಹಾಗೆ ಸಾಯುತ್ತಿತ್ತು. ಪಟ್ಟಿಯ ಅಂಚು ಉಜ್ಜಿದೆ, ತಗಡು ಬದಲಿಸಿದೆ. ರಸಾಯನಶಾಸ್ತ್ರದ ನಸ್ರೀನ್ ಮೇಡಂ ನನ್ನ ಜೊತೆ ಕೂತು ತಲೆ ಕೆಡಿಸಿಕೊಂಡರು. ತಿಂಗಳುಗಟ್ಟಲೆ ಏನೂ ಆಗಲಿಲ್ಲ.

ಈಗ ಅಪ್ಪನ ವಿಷಯ ಹೇಳಬೇಕು. ಅಪ್ಪ ಭಂಕೂರಿನಲ್ಲಿ ಹಾಸುಗಲ್ಲಿನ ಅಂಚು ಕಡಿಯುತ್ತಿದ್ದ. ನಾನು ಹೈಸ್ಕೂಲಿನಲ್ಲಿದ್ದಾಗ ತಾಂಡೂರಿನ ಕಡೆ ಕೆಲಸವಿದೆಯೆಂದು ಹೋದವನು ತಿರುಗಿ ಬರಲಿಲ್ಲ. ಹುಡುಕಿದೆವು. ಇದ್ದಾನೆಂದಾಗಲಿ ಇಲ್ಲವೆಂದಾಗಲಿ ಹೇಳುವವರು ಒಬ್ಬರೂ ಸಿಗಲಿಲ್ಲ. ಭಂಕೂರಿನವರಿಗೆ ಹೊಸ ವಿಳಾಸ ಹೇಳಿಟ್ಟು ಅವ್ವನೂ ನಾನೂ ವಾಡಿಗೆ ಬಂದು ಮನೆ ಮಾಡಿದೆವು. ನಮ್ಮಿಬ್ಬರ ನಡುವೆ ಅಪ್ಪನ ಮಾತು ಬರುತ್ತಲೇ ಇರಲಿಲ್ಲ.

ಒಂದು ಭಾನುವಾರ ಅವ್ವನನ್ನು ಮೊಣಕಾಲು ತೋರಿಸಲು ಶಹಾಬಾದಿಗೆ ಕರೆತಂದಿದ್ದೆ. ಡಾಕ್ಟರು ಸಂಜೆ ಬರುತ್ತಾರೆಂದರು. ಬಿಸಿಲು ಭಾಳ ಇದ್ದುದರಿಂದ ಕಾಲೇಜಿಗೆ ಹೋಗಿ, ಅವ್ವನನ್ನು ಪ್ರಯೋಗಾಲಯದ ಹೊರಗೆ ಪಡಸಾಲೆಯಲ್ಲಿ ಕೂರಿಸಿ, ನಾನೂ ನಸ್ರೀನ್ ಮೇಡಮ್ಮೂ ಒಳಗೆ ಕೆಲಸಕ್ಕೆ ನಿಂತೆವು. ಬೆಳಕು ಬೇಡವೆಂದು ಬಾಗಿಲಿಗೆ ಕಪ್ಪು ಪರದೆ ಬಿಟ್ಟಿದ್ದೆವು. ಅವ್ವನಿಗೆ ಒಳಗಿನದು ಏನೂ ಕಾಣುತ್ತಿರಲಿಲ್ಲ.

ಸ್ವಿಚ್ಚು ಹಾಕಿದೆ. ಮೊದಲು ಎಂದಿನಂತೆ ಎಡತುದಿಯ ಕಿಡಿ. ಹಾಗೇ ನೋಡುತ್ತಿದ್ದಂತೆ ಅದು ಮಾಯವಾಗಿ, ಪಟ್ಟಿಗಳ ನಡುವೆ ಈ ತುದಿಯಿಂದ ಆ ತುದಿಗೆ ನೇರಳೆ ಬೆಳಕು ನಿಂತಿತು. ನಾನು ಏನನ್ನೂ ಮುಟ್ಟಿರಲಿಲ್ಲ.

"ಅರೇ, ಪೂರಾ ಬಂತು ನೋಡ್ರಿ ಮೇಡಂ!" ಎಂದು ನಸ್ರೀನ್ ಕಾಗದ ಹಿಡಿದರು. ನೀಲಿ ಚುಕ್ಕೆ ಹೊಳೆಯಿತು.

ನನಗೆ ಖುಷಿಪಡಲು ಆಗಲಿಲ್ಲ. ನನ್ನ ಕಿವಿ ಬೇರೆ ಕಡೆ ಇತ್ತು. ಪಕ್ಕದ ಆ ಕಿಡಿಸಂದು ತಗಡು ತುಂಬಿದಾಗಲೆಲ್ಲ ಟಕ್ಕೆಂದು, ಗಡಿಯಾರದಂತೆ ಒಂದೇ ಸಮ ಬಡಿಯಬೇಕು. ಅದು ಹಾಗೆ ಬಡಿಯುತ್ತಿರಲಿಲ್ಲ. ಎರಡು ಏಟು, ಸ್ವಲ್ಪ ಬಿಡುವು. ಮತ್ತೆ ಮೂರು ಏಟು, ಬೇಗಬೇಗ. ಆಮೇಲೆ ಉದ್ದನೆಯ ಬಿಡುವು. ಮತ್ತೆ ಮೊದಲಿನಿಂದ. ಹಾಗೆ ಉಳಿ ಹೊಡೆಯುತ್ತಿದ್ದವನನ್ನು ನಾನು ಒಬ್ಬನನ್ನೇ ಬಲ್ಲೆ. ಕಲ್ಲಿನ ರಾಶಿಯ ಹಿಂದೆ ಕೂತಿದ್ದರೂ ಅಪ್ಪ ಎಲ್ಲಿದ್ದಾನೆಂದು ಆ ಸದ್ದಿನಿಂದಲೇ ನಮಗೆ ಗೊತ್ತಾಗುತ್ತಿತ್ತು.

ಉದ್ದನೆಯ ಬಿಡುವು ಬಂತು. ಪರದೆಯ ಆಚೆಯಿಂದ ಅವ್ವನ ದನಿ ಕೇಳಿಸಿತು, ಮೆಲ್ಲಗೆ, ತನಗೆ ತಾನೇ ಹೇಳಿಕೊಂಡಂತೆ: "ಈಗ ದೂಳ ಊದ್ತಾರ."

ಕಡಿದ ಕಲ್ಲಿನ ಮೇಲಿನ ದೂಳನ್ನು ಅಪ್ಪ ಊದುತ್ತಿದ್ದುದು ಆ ಬಿಡುವಿನಲ್ಲೇ.

ಹೆದರಿದೆ. ಹಾರಿ ಹೋಗಿ ಪ್ಲಗ್ಗನ್ನೇ ಕಿತ್ತುಬಿಟ್ಟೆ. ಆಮೇಲೆ ತಗಡಿನಲ್ಲಿ ಉಳಿದ ವಿದ್ಯುತ್ತನ್ನು ನೆಲಕ್ಕಿಳಿಸಬೇಕೆಂದು ವಿದ್ಯಾರ್ಥಿಗಳಿಗೆ ದಿನಾ ಹೇಳುವ ನಾನು, ಅದನ್ನೂ ಮಾಡದೆ ಗೋಡೆಗೆ ಅಂಟಿ ನಿಂತೆ. ನಸ್ರೀನೇ ಬಂದು ಆ ಕೆಲಸ ಮಾಡಿದರು.

ಪರದೆ ಸರಿಸಿ ಅವ್ವ ಬಾಗಿಲಲ್ಲಿ ನಿಂತಿದ್ದಳು. ಒಂದೇ ಕಾಲಿಗೆ ಚಪ್ಪಲಿಯಿತ್ತು. ಸೆರಗು ತಲೆಯ ಮೇಲೆ ಎಳೆದುಕೊಂಡಿದ್ದಳು.

"ಯಾಕ ಬಂದ್ ಮಾಡಿದಿ, ಯವ್ವಾ?"

"ಮಷೀನ್ ಭಾಳ ಕಾದಿತ್ತವ್ವಾ" ಎಂದು ಸುಳ್ಳು ಹೇಳಿದೆ.

"ಇನ್ನೊಂದೀಟು ಬಿಡಬೇಕಿತ್ತು."

ಅಷ್ಟೇ ಅಂದಳು. ಅವಳು ಅಳಲಿಲ್ಲ. ಕೆಳಗೆ ಬಗ್ಗಿ, ಬಿಟ್ಟು ಬಂದಿದ್ದ ಇನ್ನೊಂದು ಚಪ್ಪಲಿಯನ್ನು ಹುಡುಕತೊಡಗಿದಳು. ನೆಲ ನುಂಗಬಾರದೇ ಎನಿಸಿತು. ಅಷ್ಟು ವರ್ಷ ಕಾದವಳ ಕೈಗೆ ಕೊನೆಗೊಂದು ಸದ್ದು ಬಂದಿತ್ತು. ಅದನ್ನೂ ನಾನು ಕಿತ್ತುಕೊಂಡಿದ್ದೆ.

ನಸ್ರೀನರನ್ನು ಮರುದಿನ ಕೇಳಿದೆ. "ಏನು ಬೇರೆ ಇತ್ತ್ರಿ? ಒಂದೇ ಸಮ ಹೊಡೀಲಿಕತ್ತಿತ್ತು" ಎಂದರು. ಅವರು ಸುಳ್ಳು ಹೇಳುವವರಲ್ಲ. ಇಲ್ಲಿಯ ಕರೆಂಟು ಎದ್ದುಬಿದ್ದು ಬರುವುದೂ ನಿಜ, ಅದರಿಂದ ಏಟು ತಪ್ಪಲೂಬಹುದು. ಆದರೆ ತಪ್ಪುವ ಏಟಿಗೆ ಅಂಥ ಲಯ ಎಲ್ಲಿಂದ ಬಂತು? ನನಗೆ ಭ್ರಮೆ ಎಂದುಕೊಳ್ಳೋಣ. ಹಾಗಾದರೆ ಪರದೆಯಾಚೆ ಕೂತವಳಿಗೂ ಅದೇ ಗಳಿಗೆಯಲ್ಲಿ ಅದೇ ಭ್ರಮೆಯೇ? ಆಮೇಲೆ ಪಟ್ಟಿಯ ಅಂಚು ದುಂಡಗೆ ಮಾಡಿ, ಕಿಡಿಸಂದನ್ನು ನಡುವಿಗೆ ಸರಿಸಿ, ಮಿಂಚು ಸಮನಾಗಿ ಹರಡುವಂತೆ ಮಾಡಿದೆ. ಯಂತ್ರ ಈಗಲೂ ನಡೆಯುತ್ತದೆ, ಒಂದೇ ಸಮ ಬಡಿಯುತ್ತದೆ. ಅವ್ವನನ್ನು ಮತ್ತೆ ಅಲ್ಲಿಗೆ ಕರೆದೊಯ್ಯುವ ಧೈರ್ಯ ಮಾತ್ರ ನನಗೆ ಬರಲಿಲ್ಲ.

ಆ ಭಾನುವಾರ ಸಂಜೆ ರೈಲಿನಲ್ಲಿ ವಾಡಿಗೆ ಹಿಂತಿರುಗುವಾಗ ಅವ್ವ ಒಂದೇ ಮಾತು ಕೇಳಿದಳು. "ಅದರಾಗ ಏನ್ ತುಂಬಿರ್ತಿ?"

"ಏನೂ ಇಲ್ಲವ್ವಾ. ಬರೇ ಗಾಳಿ."

"ಬರೇ ಗಾಳಿ" ಎಂದು ಅವಳೂ ಅಂದು, ಕಿಟಕಿಯ ಕಡೆ ತಿರುಗಿದಳು.

ಮುಂದಿನ ವಾರ ಅವಳು ತೆಂಗಳಿಯಲ್ಲಿರುವ ತಂಗಿಯ ಮನೆಗೆ ಹೊರಟಳು. ಅಪ್ಪ ಹೋದಾಗಿನಿಂದ ಅವಳು ಒಂದು ರಾತ್ರಿಯೂ ಬೇರೆ ಕಡೆ ಮಲಗಿದವಳಲ್ಲ. ಬಂದವರಿಗೆ ಮನೆಗೆ ಕೀಲಿ ಹಾಕಿದ್ದು ಕಾಣಬಾರದು ಎನ್ನುತ್ತಿದ್ದಳು. ಬಂದವರೆಂದರೆ ಯಾರೆಂದು ನಮ್ಮಿಬ್ಬರಿಗೂ ಗೊತ್ತಿತ್ತು. ಎಂಟು ದಿನವಾದರೂ ಬರಲಿಲ್ಲ. ನಾನೇ ಫೋನು ಮಾಡಿದೆ.

"ಇನ್ನೂ ನಾಕ್ ದಿನ ಇದ್ದು ಬರ್ತೀನಿ" ಎಂದಳು. "ನೀ ಕಾಲೇಜಿಗಿ ಹೋಗಾಗ ಕೀಲಿ ಹಾಕ್ಕೊಂಡು ಹೋಗು."